ಕತ್ತೆ ಮತ್ತು ಕಳವಳ

ನಮ್ಮ ತರಗತಿಯವರೆಲ್ಲ ಸೇರಿ ಊರಿನ ಜಗಳಗಳನ್ನು ಖಾಲಿ ಮಾಡಿಬಿಟ್ಟಿದ್ದರು. ಓದುತ್ತಿದ್ದದ್ದು ಶಾಂತಿ ಮತ್ತು ಸಂಘರ್ಷ ಪರಿಹಾರದ ಪದವಿ. ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ನಿಜವಾದ ಜಗಳ ಹುಡುಕಿ, ಪರೀಕ್ಷಕರ ಎದುರಿಗೇ ಅದನ್ನು ಬಗೆಹರಿಸಬೇಕು. ಜಾಣರು ಮೊದಲೇ ಓಡಾಡಿ ಒಳ್ಳೊಳ್ಳೆಯ ಜಗಳಗಳನ್ನು ಹಿಡಿದಿಟ್ಟುಕೊಂಡರು. ಬಸ್ ನಿಲ್ದಾಣದಲ್ಲಿ ಇಬ್ಬರು ಕಾಲರ್ ಹಿಡಿದು ನಿಂತದ್ದನ್ನು ಕಂಡು ನಾನೂ ಆಸೆಯಿಂದ ಓಡಿದೆ. "ನಮ್ದು ಆಗ್ಲೇ ಬುಕ್ ಆಗಿದೆ ತಾಯಿ, ಇದು ಬರೀ ಪ್ರಾಕ್ಟೀಸು," ಎಂದರು. ಗಂಡ ಹೆಂಡಿರನ್ನಂತೂ ನಂಬುವ ಹಾಗಿಲ್ಲ. ಅವರದು ಉಂಡು ಮಲಗುವ ತನಕ, ಪರೀಕ್ಷೆಯ ದಿನದವರೆಗೆ ಕೆಡದೆ ಉಳಿಯುವುದಿಲ್ಲ.

ಕಡೆಗೆ ಉಳಿದದ್ದು ನಮ್ಮ ಮನೆಯ ಜಗಳ. ನಿಜ ಹೇಳಬೇಕೆಂದರೆ ನಾನು ಈ ಪದವಿಗೆ ಸೇರಿದ್ದೇ ಅದಕ್ಕಾಗಿ.

ಅಪ್ಪ, ದೊಡ್ಡಪ್ಪ ಇಬ್ಬರದೂ ಒಂದೇ ಕನ್ನಡಕದ ಅಂಗಡಿ. ದೊಡ್ಡಪ್ಪ ಗಾಜು ಉಜ್ಜುತ್ತಾನೆ, ಅಪ್ಪ ಅದನ್ನು ಫ್ರೇಮಿಗೆ ಕೂರಿಸುತ್ತಾನೆ. ಒಬ್ಬನಿಲ್ಲದೆ ಇನ್ನೊಬ್ಬನ ಕೆಲಸ ಸಾಗದು, ಆದರೆ ಇಬ್ಬರದೂ ಎಣ್ಣೆ ಸೀಗೆಕಾಯಿ. ನನಗೆ ಹಾಲುಹಲ್ಲು ಬೀಳುವ ಕಾಲದಲ್ಲಿ, ಅಪ್ಪ ಆರಿಸಿಕೊಟ್ಟ ಫ್ರೇಮು ಹಾಕಿಕೊಂಡ ಗಿರಾಕಿಗೆ ದೊಡ್ಡಪ್ಪ "ಒಳ್ಳೆ ಗೂಬೆ ಥರ ಕಾಣ್ತೀರಿ" ಅಂದನಂತೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ, ನಡುವೆ ಒಂದು ಸ್ಟೂಲು. ಕನ್ನಡಕ ಬಿಚ್ಚಿಕೊಟ್ಟು, ಏನೂ ಕಾಣದೆ ಅದರ ಮೇಲೆ ಕೂತ ಗಿರಾಕಿ ಬಲಕ್ಕೆ ತಿರುಗಿ "ಗಾಜು ದಪ್ಪ ಆಯ್ತಂತೆ" ಎನ್ನಬೇಕು, ಎಡಕ್ಕೆ ತಿರುಗಿ "ಫ್ರೇಮೇ ಸೊಟ್ಟಗಿದೆಯಂತೆ" ಎನ್ನಬೇಕು. ಹಳೆಯ ಗಿರಾಕಿಗಳು ಪಳಗಿದವರು. ಬೈಗುಳವನ್ನು ಸಹ ಒಂದಕ್ಷರ ಬಿಡದೆ, ರಾಗ ಸಮೇತ ಒಪ್ಪಿಸುತ್ತಾರೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಾಳೆ. ಅವಳ ಬಳಿಗೂ ಮಕ್ಕಳು ಸರದಿಯ ಮೇಲೆ ಬರುತ್ತಾರೆ, ಒಬ್ಬ ಎದ್ದುಹೋದ ಮೇಲೆ ಇನ್ನೊಬ್ಬ. "ಕಣ್ಣು ಮುಚ್ಚೋದ್ರೊಳಗೆ ಇಬ್ರ ದನಿ ಒಟ್ಟಿಗೆ ಕೇಳ್ಬೇಕು ಕಣೇ," ಎನ್ನುತ್ತಿದ್ದಳು.

ಪರೀಕ್ಷೆಗೆ ವಿಭಾಗದ ಮುಖ್ಯಸ್ಥೆಯೇ ಬಂದರು. ಅವರನ್ನು ನಾವು ತಾಳ್ಮೆ ಮೇಡಂ ಎಂದು ಕರೆಯುತ್ತಿದ್ದೆವು. ಇಡೀ ಕಾಲೇಜು ಅವರಿಗೆ ಹೆದರುತ್ತಿತ್ತು. ಅವರು ಕನ್ನಡಿಯ ಪಕ್ಕ ನಿಂತರು, ನಾನು ಸ್ಟೂಲಿನ ಮೇಲೆ ಕೂತೆ. ಯಾರು ಏನಂದರೂ ಅದರ ಮುಳ್ಳು ತೆಗೆದು ತಿರುಳನ್ನಷ್ಟೇ ದಾಟಿಸಬೇಕು, ಅದೇ ನಾವು ಕಲಿತ ವಿದ್ಯೆ.

"ಅವನೊಬ್ಬ ಶುದ್ಧ ಕತ್ತೆ ಅಂತ ಹೇಳು," ಎಂದ ದೊಡ್ಡಪ್ಪ.

ನಾನು ಅಪ್ಪನ ಕಡೆ ತಿರುಗಿದೆ. "ನಿಮ್ಮ ಕೆಲಸದ ರೀತಿಯ ಬಗ್ಗೆ ಅವರಿಗೆ ಒಂದಿಷ್ಟು ಕಳವಳ ಇದೆ."

ಅಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟ. "ಏನಿದೆ?"

"ಕಳವಳ."

"ಅವನು ಹಾಗೆಲ್ಲ ಮಾತಾಡೋನೇ ಅಲ್ಲ. ಏನಂದ ಅಂತ ನೆಟ್ಟಗೆ ಹೇಳು."

"ನಾನು ಕತ್ತೆ ಅಂದ್ರೆ ಇವಳು ಕಳವಳ ಅಂತಾಳಲ್ಲ!" ದೊಡ್ಡಪ್ಪನ ಮುಖ ಕೆಂಪಾಯಿತು. ನನ್ನನ್ನು ದಾಟಿ ಬಗ್ಗಿ ನೇರವಾಗಿ ಅಪ್ಪನಿಗೇ ಕೂಗಿದ. "ಲೋ, ಕತ್ತೆ ಅಂದೆ ಕಣೋ!"

"ನಾನೂ ಅದೇ ಅಂದ್ಕೊಂಡೆ ಕಣಣ್ಣ! ಕಳವಳ ಅಂತೆ, ಕಳವಳ!"

"ಗಿರಾಕಿಗಳೇ ಎಷ್ಟೋ ವಾಸಿ. ಇದನ್ನ ಕಲಿಯೋಕೆ ಇವಳು ಕಾಲೇಜಿಗೆ ಹೋದ್ಲಾ?"

ಅಪ್ಪನ ಬಾಯಲ್ಲಿ 'ಅಣ್ಣ' ಎಂಬ ಮಾತನ್ನು ಬುದ್ಧಿ ತಿಳಿದ ಮೇಲೆ ನಾನು ಕೇಳಿದ್ದು ಅದೇ ಮೊದಲು. ಖುಷಿಯಿಂದ ಮೇಡಂ ಕಡೆ ನೋಡಿದೆ.

"ಫೇಲು," ಎಂದರು ಮೇಡಂ. "ಅವರಿಬ್ಬರ ಜಗಳ ಮುಗೀತು, ಸರಿ. ಆದ್ರೆ ಈಗ ಅವರಿಬ್ಬರೂ ಒಂದು ಕಡೆ, ನೀನೊಂದು ಕಡೆ. ಮಧ್ಯಸ್ಥಿಕೆ ಮಾಡೋಳೇ ಜಗಳಕ್ಕೆ ಬಿದ್ದಿದ್ದೀಯ. ಒಂದು ವಾರ ಕೊಡ್ತೀನಿ. ಇವರ ಜೊತೆ ರಾಜಿ ಆಗು, ಪಾಸ್ ಮಾಡ್ತೀನಿ."

ಪಾಸಾದರೆ ಸಂಧಾನ ಕೇಂದ್ರವೊಂದರಲ್ಲಿ ನನಗೆ ಕೆಲಸ ಕಾದಿತ್ತು. ಆ ವಾರವೆಲ್ಲ ಅಣ್ಣತಮ್ಮಂದಿರು ಒಟ್ಟಿಗೆ ಉಂಡರು, ಒಟ್ಟಿಗೆ ನನ್ನನ್ನು ಬೈದರು. ಅಜ್ಜಿಯ ಹಾಸಿಗೆಯ ಎರಡೂ ಬದಿಗೆ ಕೂತು ದೂರು ಹೇಳಿದರು. "ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದ ದೊಡ್ಡಪ್ಪ. "ಊರಿಗೂ ಏನೂ ಉಪಕಾರಿ ಅಲ್ಲ ಬಿಡಣ್ಣ," ಎಂದ ಅಪ್ಪ. ಅಜ್ಜಿ ಕಣ್ಣು ಮುಚ್ಚಿ ಹಾಡು ಕೇಳುವವಳ ಹಾಗೆ ತಲೆದೂಗುತ್ತಿದ್ದಳು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ನನ್ನ ವಿದ್ಯೆಯನ್ನು ಆಡಿಕೊಂಡರೆ ಸುಮ್ಮನಿರುವ ಜಾಯಮಾನ ನನ್ನದಲ್ಲ, ಪಾಸಾಗಿ ತೋರಿಸಬೇಕು ಎನಿಸಿತು.

ವಾರ ಕಳೆದು ಮೇಡಂ ಬಂದರು. ಈ ಸಲ ಸ್ಟೂಲಿನ ಮೇಲೆ ಅವರೇ ಕೂತರು. ನಾನು ಕೈಮುಗಿದು, "ತಪ್ಪಾಯ್ತು. ಕತ್ತೆ ಅಂದಿದ್ದನ್ನ ಕತ್ತೆ ಅಂತಲೇ ಹೇಳ್ಬೇಕಿತ್ತು," ಎಂದೆ.

ಇಬ್ಬರೂ ಕರಗಿಹೋದರು. "ಹೋಗ್ಲಿ ಬಿಡು ಮಗಳೇ," ಎಂದ ಅಪ್ಪ. "ನೀನೂ ಏನ್ ಮಾಡ್ತೀಯ, ಕಲಿಸಿದ್ದೇ ಹಾಗೆ," ಎಂದ ದೊಡ್ಡಪ್ಪ. ಮೇಡಂ ಪೆನ್ನು ತೆಗೆದರು.

ಅಂಗಡಿ ತಣ್ಣಗಾಯಿತು. ಬೈಯಲು ಯಾರೂ ಉಳಿದಿರಲಿಲ್ಲ. ದೊಡ್ಡಪ್ಪ ಗಾಜು ಉಜ್ಜತೊಡಗಿದ. ಅಪ್ಪ ಒಂದು ಫ್ರೇಮು ಎತ್ತಿ ಬೆಳಕಿಗೆ ಹಿಡಿದು, ಮೆಲ್ಲಗೆ, "ಮೇಡಂ, ಗಾಜಿನ ಅಂಚು ಇನ್ನೂ ದಪ್ಪಗಿದೆ ಅಂತ ಅವರಿಗೆ ಸ್ವಲ್ಪ ಹೇಳಿ," ಎಂದ.

ಒಳಗೆ ಅಜ್ಜಿ ಕೆಮ್ಮಿದಳು. "ಯಾಕೆ, ಯಾರೂ ಇಲ್ವಾ?"

ಮೇಡಂ ಪೆನ್ನು ಆಗಲೇ ಕಾಗದ ಮುಟ್ಟಿತ್ತು. ಇನ್ನೊಂದು ಗೀಟಿಗೆ ಪದವಿ, ಕೆಲಸ ಎಲ್ಲ ನನ್ನದು.

"ದೊಡ್ಡಪ್ಪ," ಎಂದೆ, ಕಾಲೇಜಿನ ದನಿಯಲ್ಲಿ. "ಅಂಚಿನ ವಿಷಯದಲ್ಲಿ ಅಪ್ಪನಿಗೆ ಒಂದಿಷ್ಟು ಕಳವಳ ಇದೆ."

"ನೋಡಣ್ಣ, ಮತ್ತೆ ಶುರು ಮಾಡಿದ್ಲು!"

"ಇವಳಿಗೆ ಬುದ್ಧಿ ಬರಲ್ಲ ಕಣೋ! ನೀನೇ ಸಲುಗೆ ಕೊಟ್ಟು ಕೆಡಿಸಿದ್ದು!"

ಮೇಡಂ ಆ ಗೀಟು ಎಳೆಯದೆ, ನನ್ನನ್ನೇ ನೋಡುತ್ತ ಪೆನ್ನಿನ ಮುಚ್ಚಳ ಹಾಕಿದರು. ನಾನು ತಲೆ ತಗ್ಗಿಸಿದೆ.

"ಯಾರದು?" ಅಜ್ಜಿ ಒಳಗಿನಿಂದ ಕೂಗಿದಳು. "ಇಬ್ರೂ ಇದ್ದೀರಾ?"

"ಇದ್ದೀವಮ್ಮಾ!" ಎಂದರು ಇಬ್ಬರೂ, ಒಂದೇ ಉಸಿರಿಗೆ.