ಕೂದಲೆಳೆಯಷ್ಟು ಎತ್ತರ

ಕಚ್ಚಿಸಿ ನೋಡುವ ಕಾಗದದ ನೀಲಿ ಚುಕ್ಕೆ ಮತ್ತೆ ಬಲಗಡೆಯ ಅದೇ ದವಡೆಹಲ್ಲಿನ ಮೇಲೆ ಬಿದ್ದಿದೆ, ಆ ಹಲ್ಲೊಂದು ಕೂದಲೆಳೆಯಷ್ಟು ಎತ್ತರ, ಉಜ್ಜಿದರೆ ಹೋಗುತ್ತದೆ, ಉಜ್ಜದಿದ್ದರೆ ಯಾರಿಗೂ ತಿಳಿಯುವುದಿಲ್ಲ, ಭಾವನೊಬ್ಬನನ್ನು ಬಿಟ್ಟು — ತುತ್ತು ತುತ್ತಿಗೂ ವಸಡು ನೋಯುತ್ತದೆ, ಡಾಕ್ಟರು ನೋಡಿ ವಯಸ್ಸಾಯಿತಲ್ಲ ಅನ್ನುತ್ತಾರೆ, ಅಷ್ಟೇ. ಮೂವತ್ತು ವರ್ಷದಿಂದ ಕಟ್ಟುಹಲ್ಲು ಮಾಡುತ್ತಿರುವ ಕೈ ಇವಳದು, ಅಳತೆ ತಪ್ಪಿದ್ದೇ ಇಲ್ಲ, ಈಗ ಉಜ್ಜುವ ಯಂತ್ರ ಹಿಡಿದು ಸುಮ್ಮನೆ ಕೂತಿದ್ದಾಳೆ, ಸೊಂಟ ಬೇರೆ ನೋಯುತ್ತಿದೆ, ನಾಲ್ಕಕ್ಕೆ ಭಾವ ಬರುತ್ತಾನೆ, ಅಕ್ಕನನ್ನೂ ಕರೆದುಕೊಂಡು. ಮೊನ್ನೆ ಅಚ್ಚು ಕೊಡಲು ಬಂದವನು ಬೊಚ್ಚುಬಾಯಿ ತೆರೆದು ನಕ್ಕಿದ್ದ, ಹಲ್ಲಿದ್ದಾಗ ಕಡಲೆ ಇರ್ಲಿಲ್ಲ, ಈಗ ಕಡಲೆ ಇದೆ ಹಲ್ಲಿಲ್ಲ, ನೋಡಮ್ಮ ನನ್ನ ಗತಿ — ಇವಳಿಗೂ ನಗು ಬಂದುಬಿಟ್ಟಿತು, ಅದೇ ಸಿಟ್ಟು, ಆ ಮನುಷ್ಯನಿಗೆ ನಗಿಸಲು ಬರುತ್ತದೆ, ಪಕ್ಕದಲ್ಲಿ ಅಕ್ಕನೂ ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿದು. ಇವನೇ ಅಲ್ಲವೇ ಅಕ್ಕನ ಮುಂದಿನ ಎರಡು ಹಲ್ಲು ಉದುರಿಸಿದ್ದು, ಮದುವೆಯಾದ ಮೂರನೇ ವರ್ಷ, ಬಾಗಿಲು ತೆಗೆಯಲು ತಡವಾಯಿತೆಂದು, ಅಕ್ಕ ಅವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದು ಇವಳ ಮುಂದೆ ಬಿಚ್ಚಿದ್ದಳು, ಇವನ್ನ ಮತ್ತೆ ಕೂರಿಸೋಕಾಗುತ್ತೇನೇ ಅಂತ. ಇವಳು ಈ ಕೆಲಸ ಕಲಿಯಲು ಹೋದದ್ದೇ ಅದಕ್ಕೆ. ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು, ಚಿಕ್ಕವಳಿದ್ದಾಗ ಭಾನುವಾರದ ಪಾಠದಲ್ಲಿ ಗಂಟಲು ಹರಿಯುವಂತೆ ಒಪ್ಪಿಸಿದ್ದಳು, ಪಾದ್ರಿಗಳು ತಡೆದಿದ್ದರು, ಅದು ಹೊಡಿ ಅನ್ನೋ ಮಾತಲ್ಲ ಮಗಳೇ, ಒಂದಕ್ಕೆ ಒಂದೇ, ಎರಡು ಕೀಳಬೇಡ ಅನ್ನೋ ಅಳತೆ, ಆಮೇಲೆ ಯೇಸು ಬಂದು ಆ ಒಂದನ್ನೂ ಬಿಡು ಅಂದ — ಅಳತೆಯಂತೆ, ಅಳತೆ ಇವಳಿಗೆ ಗೊತ್ತಿಲ್ಲವೇ, ಎರಡು ಹಲ್ಲಿಗೆ ಒಂದು ಕೂದಲೆಳೆ, ಇದು ಹೆಚ್ಚಾಯಿತೇ.

ನೀನ್ಯಾಕೆ ಇನ್ನೂ ಹಿಡ್ಕೊಂಡಿದೀಯ, ನಾನೇ ಹೊಟ್ಟೆಗೆ ಹಾಕ್ಕೊಂಡೆ, ಅಂದಿದ್ದಳು ಅಕ್ಕ ಫೋನಿನಲ್ಲಿ, ಏಳೆಪ್ಪತ್ತು ಸಲ ಕ್ಷಮಿಸು ಅಂತಲ್ವಾ ಇರೋದು, ನಾನು ಎಣಿಸೋದೇ ಬಿಟ್ಟೆ, ಚೆನ್ನಾಗಿ ಮಾಡ್ಕೊಡೇ, ಪಾಪ, ಬ್ರೆಡ್ಡು ನೆನೆಸಿ ತಿಂದೂ ತಿಂದೂ ಸೊರಗಿದಾರೆ. ಪಾಪವಂತೆ. ಪೆಟ್ಟು ತಿಂದವಳು ಇಳಿಸಿಬಿಟ್ಟಳು, ಹೊತ್ತು ತಿರುಗುತ್ತಿರುವವಳು ಇವಳು, ಸಾಕಾಗಿದೆ, ನಿಜಕ್ಕೂ ಸಾಕಾಗಿದೆ, ಒಬ್ಬನನ್ನು ಮೂವತ್ತು ವರ್ಷ ದ್ವೇಷಿಸುವುದೂ ಒಂದು ಚಾಕರಿಯೇ, ರಜೆಯಿಲ್ಲದ್ದು. ಯಂತ್ರ ಗುಂಯ್ ಎಂದಿತು, ಚುಕ್ಕೆ ಹೋಯಿತು, ನೀಲಿ ಕಾಗದವಿಟ್ಟು ಮೇಲಿನ ಸಾಲು ಕೆಳಗಿನ ಸಾಲು ಕಚ್ಚಿಸಿ ನೋಡಿದರೆ ಬಣ್ಣ ಎಲ್ಲ ಹಲ್ಲಿಗೂ ಒಂದೇ ಸಮ ಹತ್ತಿದೆ, ಮುಗಿಯಿತು, ಮನಸ್ಸು ಹಗುರವಾಗಬೇಕಿತ್ತಲ್ಲ, ಆಗಲಿಲ್ಲ. ನಾಲ್ಕಕ್ಕೆ ಭಾವ ಇದನ್ನು ಹಾಕಿಕೊಂಡು ಕನ್ನಡಿ ನೋಡಿ ಏನಾದರೂ ತಮಾಷೆ ಮಾಡುತ್ತಾನೆ, ಬಾಯಿ ತುಂಬ ನಗುತ್ತಾನೆ, ಅಕ್ಕನೂ ನಗುತ್ತಾಳೆ, ಅಕ್ಕನ ಹಲ್ಲೂ ಇವಳು ಮಾಡಿದ್ದೇ, ಕೆಲಸ ಕಲಿತು ಮಾಡಿದ ಮೊದಲ ಜೋಡಿ, ಇವತ್ತಿಗೂ ಅಲುಗಿಲ್ಲ, ಮುಚ್ಚಿಕೊಳ್ಳುವಂಥದ್ದು ಏನೂ ಇಲ್ಲ, ಆದರೂ ನಗು ಬರುವ ಮೊದಲೇ ಮೇಲೇಳುತ್ತದೆ, ಬಾಯಿಗೆ ಅಡ್ಡ — ಆ ಕೈ, ಅಕ್ಕನ ಆ ಕೈ