ಹಿಂಬಾಗಿಲ ಬೀಗ

ಬೇಕರಿಯವನ ಹೆಂಡತಿಗೆ ಅಂದು ಬೆಳಗಿನಿಂದ ಒಂದೇ ಚಿಂತೆ. ಸಂಜೆ ಲೈಬ್ರರಿಗೆ ಹೋಗಿ ಒಂದು ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಜಡಿದು ಬರುತ್ತೇನೆಂದು ಗಂಡ ಹಟ ಹಿಡಿದಿದ್ದ.

ಕಿವಿ ಊದಿದವನು ಎದುರಂಗಡಿಯ ದರ್ಜಿ. "ಅಣ್ಣಾ, ಲೈಬ್ರರಿಗೆ ಹೊಸ ಕಥೆಪುಸ್ತಕ ಬಂದಿದೆ. ಅದರಲ್ಲಿರೋ ಬೇಕರಿ ಯಜಮಾನ ನೀನೇ ಅಂತೆ! ಕೆಲಸದವರು ಜಾರಿಕೊಳ್ಳಬಾರದು ಅಂತ ಭಟ್ಟಿ ಕೋಣೆಯ ಹಿಂಬಾಗಿಲಿಗೆ ಬೀಗ ಹಾಕ್ತಾನಂತೆ."

"ನೀವು ಓದಿದ್ರಾ?" ಎಂದಳು ಅವಳು.

"ಅಯ್ಯೋ ಅತ್ತಿಗೆ, ಅಂಥಾದ್ದನ್ನ ಯಾರು ಓದ್ತಾರೆ?"

"ಓದೋದೇನು ಬಂತು?" ಗಂಡ ಗುಡುಗಿದ. "ಬ್ರೆಡ್ ಸೀದಿದೆ ಅಂತ ತಿಳಿಯೋಕೆ ತಿಂದು ನೋಡ್ಬೇಕಾ?"

ಅವಳು ಓದಿದ್ದಳು. ಗಿರಾಕಿ ಇಲ್ಲದಾಗ ಕೌಂಟರಿನ ಕೆಳಗೆ ಬಚ್ಚಿಟ್ಟುಕೊಂಡು ಓದಿ, ಹಿಂದಿನ ದಿನ ಮರಳಿಸಿದ್ದಳು. ಕಥೆಯ ಯಜಮಾನನಿಗೆ ಬೋಳುತಲೆ, ಇಬ್ಬರು ಹೆಂಡಿರು. ಬೀಗ ಮಾತ್ರ ಥೇಟ್ ತಮ್ಮ ಬೇಕರಿಯದೇ. ಹಿಟ್ಟು ಉಬ್ಬುವ ಹೊತ್ತಿನಲ್ಲಿ ಆಳುಗಳು ಹೊರಗೆ ಹೋಗುತ್ತಾರೆಂದು ಗಂಡನೂ ದಿನಾ ಹಾಗೇ ಬೀಗ ಜಡಿಯುತ್ತಿದ್ದ. ಒಳಗೆ ಭಟ್ಟಿಯ ಮುಂದೆ ನಿಲ್ಲುವವನು ಅವಳ ಸ್ವಂತ ತಮ್ಮ.

"ರೀ, ಆ ಕಥೆಯಲ್ಲಿ ಬೆಂಕಿ ಬೀಳುತ್ತೆ. ಒಳಗಿದ್ದೋರು ಹೊರಗೆ ಬರೋಕಾಗಲ್ಲ. ನಮ್ಮ ಬೀಗ ತೆಗೀರಿ."

"ನೋಡು, ನಿನ್ನ ತಲೆನೂ ಕೆಡಿಸಿದೆ! ಅದಕ್ಕೇ ಅದು ಯಾರ ಕೈಗೂ ಸಿಗಬಾರದು. ಒಂದು ಬೀಗ ಕೊಡು ಇಲ್ಲಿ."

ಅವಳು ಕೀಲಿಗೊಂಚಲು ಹಿಡಿದು ಹಿಂದಕ್ಕೆ ಹೋದಳು. ಬೀಗವೊಂದನ್ನು ತಂದು ಗಂಡನ ಕೈಗಿಟ್ಟು, ಅವನ ಬೆನ್ನಿಗೇ ಹೊರಟಳು.

ಲೈಬ್ರರಿಯಲ್ಲಿ ಆಗಲೇ ಜನ ಸೇರಿದ್ದರು. ಲೈಬ್ರರಿ ಮೇಡಂ ಕಪಾಟಿಗೆ ಬೆನ್ನು ಕೊಟ್ಟು ನಿಂತಿದ್ದರು.

"ಹಿಡಿಸದಿದ್ರೆ ಓದಬೇಡಿ ಅಣ್ಣಾ. ತಪ್ಪು ಅನ್ನಿಸಿದ್ರೆ ಭಾನುವಾರ ಓದೋರೆಲ್ಲ ಸೇರ್ತೀವಲ್ಲ, ಎದ್ದು ನಿಂತು ಬೈಯಿರಿ. ಬರೆದುಕೊಟ್ರೆ ನಿಮ್ಮ ಮಾತನ್ನೂ ಇದರ ಪಕ್ಕದಲ್ಲೇ ಇಡ್ತೀನಿ. ಬೇರೆಯವರ ಕೈಯಿಂದ ಪುಸ್ತಕ ಕಿತ್ಕೊಳ್ಳೋಕೆ ಮಾತ್ರ ಬಿಡಲ್ಲ."

"ನನ್ನ ಮಾನ ಹೋಗ್ತಿದೆ! ಸರೀರಿ ಪಕ್ಕಕ್ಕೆ!"

ಅವನು ಬೀಗ ಎತ್ತಿ ಮುಂದೆ ನುಗ್ಗಿದ. ಮೇಡಂ ಕದಲಲಿಲ್ಲ. ಅಷ್ಟರಲ್ಲಿ ಬೀದಿಯಿಂದ ಕೂಗು ಕೇಳಿತು.

"ಬೇಕರಿಯಲ್ಲಿ ಬೆಂಕಿ!"

ಅವಳು ಹೇಗೆ ಓಡಿದಳೋ ಅವಳಿಗೇ ತಿಳಿಯದು. ಅಂಗಡಿಯ ಮುಂದೆಲ್ಲ ದಟ್ಟ ಹೊಗೆ. ಸುತ್ತಿಕೊಂಡು ಹಿಂದಿನ ಓಣಿಗೆ ಬಂದರೆ, ಕೆಲಸದವರೆಲ್ಲ ನೆಲದ ಮೇಲೆ ಕುಳಿತು ಕೆಮ್ಮುತ್ತಿದ್ದರು. ತಮ್ಮನ ಹುಬ್ಬು ಸುಟ್ಟಿತ್ತು.

"ಅಕ್ಕಾ, ಎಣ್ಣೆ ಡಬ್ಬಿ ಹತ್ತಿಕೊಂಡು ಮುಂದಿನ ದಾರಿ ಮುಚ್ಚಿಹೋಯ್ತು. ಸತ್ವಿ ಅಂದ್ಕೊಂಡು ಹಿಂಬಾಗಿಲು ಒದ್ದೆ. ತೆರೆದೇಬಿಡ್ತು! ಬೀಗ ಎಲ್ಲಿ ಹೋಯ್ತೋ!"

ಹಿಂದೆಯೇ ಓಡಿಬಂದ ಗಂಡ ತನ್ನ ಕೈಯಲ್ಲಿದ್ದ ಬೀಗವನ್ನು ಆಗ ನೋಡಿದ. ತಿರುಗಿಸಿ ನೋಡಿದ.

"ಲೇ... ಇದು..."

"ಹೂಂ, ಅದೇ." ಅವಳು ಸೆರಗಿನಿಂದ ತಮ್ಮನ ಮುಖದ ಮಸಿ ಒರೆಸಿದಳು. "ಕಥೆಯಲ್ಲಿ ಆ ಬಾಗಿಲು ತೆರೀಲೇ ಇಲ್ಲ ಕಣ್ರೀ."

ಮರುದಿನ ಅವನೇ ಹೋಗಿ ಆ ಪುಸ್ತಕ ತಂದು ಓದಿದ. ಭಾನುವಾರ ಎದ್ದು ನಿಂತು ಬೈದದ್ದೂ ಉಂಟು: "ಬರೆದೋರಿಗೆ ಹಿಟ್ಟು ನಾದೋದೇ ಗೊತ್ತಿಲ್ಲ! ಮತ್ತೆ ನಾನೇನು ಬೋಳನಾ?" ಎಲ್ಲರೂ ನಕ್ಕರು. ಮೇಡಂ ಆ ಬೈಗುಳವನ್ನೂ ಬರೆಸಿಕೊಂಡು ಪುಸ್ತಕದ ಪಕ್ಕದಲ್ಲೇ ಇಟ್ಟರು. ಬೇಕರಿಯ ಹಿಂಬಾಗಿಲಿಗೆ ಈಗ ಒಳಗಿನ ಚಿಲಕ ಮಾತ್ರ.

ಅಕ್ಕಂದಿರೇ, ಅಣ್ಣಂದಿರೇ, ಯಾರಾದರೂ ಒಂದು ಪುಸ್ತಕವನ್ನು ಲೈಬ್ರರಿಯಿಂದ ತೆಗೆಸಲು ನಿಮ್ಮನ್ನು ಕರೆದರೆ, "ನೀವು ಓದಿದ್ದೀರಾ?" ಎಂದು ಮೊದಲು ಕೇಳಿ. ಒಪ್ಪಿಗೆಯಾಗದಿದ್ದರೆ ಜೋರಾಗಿಯೇ ಹೇಳಿ, ಬರೆಯಿರಿ, ವಾದ ಮಾಡಿ. ಆ ಹಕ್ಕು ನಿಮಗಿದೆ, ಬರೆದವರಿಗೂ ಇದೆ. ಪುಸ್ತಕಕ್ಕೆ ಬೀಗ ಮಾತ್ರ ಹಾಕಬೇಡಿ. ಅದರೊಳಗಿನ ಮಾತು ಯಾರ ಜೀವಕ್ಕೆ ಬೇಕಾಗಿದೆಯೋ ನಮಗೇನು ಗೊತ್ತು? ಈ ವಾರವೇ ನಿಮ್ಮ ಲೈಬ್ರರಿಗೆ ಹೋಗಿ. ಬಾಗಿಲು ತೆರೆದಿದೆಯೇ ನೋಡಿ ಬನ್ನಿ.