ಎಡಗಡೆಯ ಟ್ರಾನ್ಸಿಸ್ಟರ್

ಬಿಸಿಯಿದೆ, ಎಡಗಡೆಯದೂ ಬಿಸಿಯಿದೆ, ಬೆರಳಿಟ್ಟರೆ ಚುರ್ ಅನ್ನುತ್ತದೆ, ಅಂದಮೇಲೆ ಕೆಲಸ ಮಾಡುತ್ತಿದೆ, ಮಾಡುತ್ತಿದ್ದರೆ ಎಡಕಿವಿಗೆ ಹಾಡೆಲ್ಲಿ — ಅಶ್ವತ್ಥ ಹೆಡ್‌ಫೋನನ್ನು ಇನ್ನಷ್ಟು ಒತ್ತಿಕೊಂಡ. ಐಪಾಡಿನ ವೀಣೆ ಬಲಗಡೆ ಸೊಗಸಾಗಿ ನುಡಿಯುತ್ತಿದೆ, ಎಡಗಡೆ ಪಿಟ್ಟೆಂದಿಲ್ಲ. ಟೋಟೆಮ್ ಲೇಕ್‌ನ ಈ ಅಪಾರ್ಟ್‌ಮೆಂಟಿಗೆ ಬಂದಾಗಿನಿಂದ ಆ ಪವರ್ ಟ್ರಾನ್ಸಿಸ್ಟರ್‌ಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಬಿದ್ದಿದ್ದವು, ಹಿಂದೊಮ್ಮೆ ದೊಡ್ಡ ಆಂಪ್ಲಿಫೈಯರ್ ಕಟ್ಟಿದಾಗ ಮಿಕ್ಕವು, ಅವಕ್ಕೊಂದು ಗತಿ ಕಾಣಿಸ್ರೀ, ಇಲ್ಲಾ ಎಸೀರಿ ಎಂದು ಹೆಂಡತಿ ಶಾಮಲಾ ಗೊಣಗಿದ ಮೇಲೆ ಹೆಡ್‌ಫೋನಿಗೊಂದು ಪುಟ್ಟದನ್ನು ಕಟ್ಟೋಣವೆಂದು ಕೂತದ್ದು, ನೋಡಿದರೆ ಈ ಗ್ರಹಚಾರ. ಡೂಪ್ಲಿಕೇಟ್ ಮಾಲು ಎಂದು ಬೈದುಕೊಂಡು ಎಡದ್ದನ್ನು ಕಿತ್ತು ಬೇರೆ ಹಾಕಿದ, ಇಲ್ಲ, ಇನ್ನೊಂದು ಹಾಕಿದ, ಅದೂ ಬಿಸಿ, ಅದೂ ಮೂಕ. ಕೊನೆಗೆ ರಿಪೇರಿಯವರೆಲ್ಲ ಮಾಡುವ ಹಾಗೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ, ಕೆಟ್ಟದ್ದು ಎಲ್ಲಿಗೆ ಹೋಗುತ್ತದೋ ಮೌನವೂ ಅಲ್ಲಿಗೇ ಹೋಗಬೇಕು — ಹೋಗಲಿಲ್ಲ, ಎಡಗಡೆಯೇ ಕೂತಿದೆ, ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲ.

ಹೆಗಲ ಮೇಲೆ ಕೈ ಬಿತ್ತು, ಬೆಚ್ಚಿ ಹೆಡ್‌ಫೋನ್ ಕಳಚಿ ತಿರುಗಿದ. ಎಡಗಡೆ ಶಾಮಲಾ, ಯಾವಾಗ ಬಂದಳು, ಎಷ್ಟು ಸಲ ಕರೆಯೋದು ರೀ, ಸಾರು ಆರಿಹೋಯ್ತು, ಕೊಡಿ ಇಲ್ಲಿ ನಾನೂ ಕೇಳ್ತೀನಿ. ಹಾಕಿಕೊಂಡು ತಲೆದೂಗಿದಳು, ಎರಡೂ ಕಡೆ ಚೆನ್ನಾಗೇ ಬರ್ತಿದೆಯಲ್ಲ. ಎಡಗಡೆನೂ ಬರ್ತಿದೆಯಾ, ಸರಿಯಾಗಿ ನೋಡು. ಹೂಂ ರೀ, ಜೋರಾಗೇ ಇದೆ. ಅವನು ಕಿತ್ತುಕೊಂಡು ಹಾಕಿಕೊಂಡ, ಎಡಗಡೆ ಇಲ್ಲ, ಹಿಂದುಮುಂದು ಮಾಡಿ ಹಾಕಿಕೊಂಡ, ಈಗ ಎಡದ್ದು ಬಲಕಿವಿಯ ಮೇಲೆ, ಅದರಲ್ಲಿ ವೀಣೆ ತುಂಬಿ ಬರುತ್ತಿದೆ, ಮೌನ ಮಾತ್ರ ಎಡಗಡೆಯೇ. ಹೆಡ್‌ಫೋನಿನ ಸಂದಿಯಲ್ಲಿ ಬೆರಳು ತೂರಿಸಿ ಎಡಕಿವಿಯನ್ನು ಮುಟ್ಟಿ ನೋಡಿಕೊಂಡ. ಕಾರಿನಲ್ಲಿ, ಫೋರ್ ಓ ಫೈವ್ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ, ಈ ದೇಶದಲ್ಲಿ ಸ್ಟೀರಿಂಗ್ ಎಡಕ್ಕೆ, ಅವಳು ಕೂರುವುದು ಬಲಗಡೆ, ಅಲ್ಲಿ ಎಲ್ಲ ಕೇಳುತ್ತದೆ, ಊಟದ ಟೇಬಲ್ಲಿನಲ್ಲಿ ಎಡಗಡೆ, ಬಲಗಡೆ ಟೀವಿ ಅರಚುತ್ತಿರುತ್ತದೆ, ಮೊನ್ನೆ ಅಲ್ಲೇ ಅತ್ತಳು, ನಾನು ಮಾತಾಡ್ತಾನೇ ಇದೀನಿ, ನೀವು ಗೋಡೆ ಥರ ಕೂತಿದೀರಿ, ನಾನು ಬೇಡವಾಗಿದ್ರೆ ಹೇಳಿಬಿಡಿ, ಅವನು ರೇಗಿ ಎದ್ದುಹೋಗಿದ್ದ, ನೀನು ಮಾತೇ ಆಡಿಲ್ಲ ಎಂದು ಆಣೆ ಇಟ್ಟು ಹೇಳಿದ್ದ — ಆಡಿದ್ದಳು, ದಿನಾ ಆಡಿದ್ದಳು. ಫೋನ್ ಯಾವಾಗಲೂ ಬಲಕಿವಿಗೆ, ಹಾಗಾದರೆ ಈ ಎಡಕಿವಿ ಹೋದದ್ದು ಯಾವತ್ತು, ಇಷ್ಟು ದಿನ ಗೊತ್ತೇ ಆಗಲಿಲ್ಲವಲ್ಲ. ಡಬ್ಬಿಯಲ್ಲಿ ಇನ್ನೂ ಟ್ರಾನ್ಸಿಸ್ಟರ್‌ಗಳು ಮಿಕ್ಕಿವೆ. ಎಡಗಡೆ ಶಾಮಲಾಳ ಬಾಯಿ ಆಡುತ್ತಿದೆ, ಏನೋ ಕೇಳುತ್ತಿದ್ದಾಳೆ, ಅವನ ಬೆರಳು ಮತ್ತೆ ಆ ಟ್ರಾನ್ಸಿಸ್ಟರಿನ ಮೇಲೆ, ಸುಡುತ್ತಿದೆ, ತೆಗೆಯಲು ತೋಚುತ್ತಿಲ್ಲ, ಬಿಸಿಯಿದೆ, ಎಡಗಡೆಯದೂ ಬಿಸಿಯಿದೆ.